ಗ್ಯಾಂಬಲ್ ನಿವಾಸ: ಬಣ್ಣ ಬಳಿಯದೆ ಉಳಿದ ಮರ

ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ನಗರದಲ್ಲಿ 1908ರಲ್ಲಿ ಕಟ್ಟಲಾರಂಭಿಸಿದ ಗ್ಯಾಂಬಲ್ ನಿವಾಸವು ಕ್ರಾಫ್ಟ್ಸ್‌ಮನ್ ಶೈಲಿಯ, ಎಂದರೆ ಯಂತ್ರನಿರ್ಮಿತ ಅಲಂಕಾರವನ್ನು ಬದಿಗಿಟ್ಟು ಕೈಕೆಲಸವನ್ನೂ ವಸ್ತುವಿನ ಸಹಜ ಗುಣವನ್ನೂ ಮುಂದಿಡುವ ಗೃಹನಿರ್ಮಾಣ ಪದ್ಧತಿಯ, ಶ್ರೇಷ್ಠ ಮಾದರಿಗಳಲ್ಲೊಂದು. ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ ಮೊದಲಾದವರು ಪೋಷಿಸಿದ ಈ ವಿಚಾರಕ್ಕೆ ಅಮೆರಿಕದಲ್ಲಿ ಈ ಹೆಸರು ದೊರೆತದ್ದು ಗುಸ್ತಾವ್ ಸ್ಟಿಕ್ಲಿ 1901ರಲ್ಲಿ ಆರಂಭಿಸಿದ ‘ದ ಕ್ರಾಫ್ಟ್ಸ್‌ಮನ್’ ಪತ್ರಿಕೆಯಿಂದ.

ಈ ಮನೆಯನ್ನು ರೂಪಿಸಿದ ಚಾರ್ಲ್ಸ್ ಮತ್ತು ಹೆನ್ರಿ ಗ್ರೀನ್ ಸಹೋದರರು ವಾಸ್ತುಶಿಲ್ಪದ ಅಧ್ಯಯನಕ್ಕೆ ಮುನ್ನವೇ ಸೇಂಟ್ ಲೂಯಿಸಿನ ಶಾಲೆಯೊಂದರಲ್ಲಿ ಮರಗೆಲಸವನ್ನೂ ಲೋಹಗೆಲಸವನ್ನೂ ಕೈಯಾರೆ ಕಲಿತವರಾದ್ದರಿಂದ, ಮರದ ಬಲವೇನು, ಮಿತಿಯೇನು ಎಂಬ ಅರಿವು ಅವರ ನಕ್ಷೆಯಲ್ಲೇ ಸೇರಿಕೊಂಡಿತ್ತು. ಬಿಸಿಲನ್ನು ತಡೆಯಲು ಸೂರು ಗೋಡೆಯಿಂದ ಬಹುದೂರ ಚಾಚಿದೆ. ಅದನ್ನು ಹೊತ್ತ ಜಂತೆಗಳ ತುದಿಗಳನ್ನು ಮರೆಮಾಡದೆ ಉರುಟಾಗಿಸಿ ಹಾಗೆಯೇ ಬಿಟ್ಟಿದ್ದಾರೆ. ತೆರೆದ ಗಾಳಿಯಲ್ಲಿ ಮಲಗುವುದಕ್ಕೆಂದು ಮೇಲಂತಸ್ತಿನ ಕೋಣೆಗಳಿಗೆ ವಿಶಾಲ ಮೊಗಸಾಲೆಗಳಿವೆ. ಜಪಾನಿನ ಮರದ ಕಟ್ಟಡಗಳ ಪ್ರಭಾವ ಇಲ್ಲಿ ಸ್ಪಷ್ಟ. ಒಳಗೆ ತೇಗ, ಮೇಪಲ್, ಓಕ್, ಮಹಾಗನಿಗಳ ಸಂಧಿಗಳು, ಎಂದರೆ ಒಂದು ಮರ ಇನ್ನೊಂದನ್ನು ಕೂಡುವ ಕಟ್ಟುಗಳು, ಅಡಗಿ ಕೂರದೆ ತಾವೇ ಅಲಂಕಾರವಾಗಿವೆ. ಸ್ವೀಡನ್ ಮೂಲದ ಪೀಟರ್ ಮತ್ತು ಜಾನ್ ಹಾಲ್ ಸಹೋದರರು ಈ ಕೆಲಸವನ್ನು ನಿರ್ವಹಿಸಿದರು. ವಾಸ್ತುಶಿಲ್ಪಿಗಳಿಗೆ ಸಲ್ಲುವ ಗೌರವ ಅವರಿಗೂ ಸಲ್ಲಬೇಕು.

ಮನೆಯ ಒಡೆಯರಾದ ಡೇವಿಡ್ ಮತ್ತು ಮೇರಿ ಗ್ಯಾಂಬಲ್ ಸಾಬೂನು ತಯಾರಿಕೆಗೆ ಹೆಸರಾದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕುಟುಂಬದವರು. ಚಳಿಗಾಲವನ್ನು ಕಳೆಯಲು ಸಿನ್ಸಿನಾಟಿಯಿಂದ ಬರುತ್ತಿದ್ದವರು ಕೊನೆಗೆ ಇಲ್ಲಿಯೇ ನೆಲೆಸಿದರು. ಮಗ ಸಿಡ್ನಿ ಚೀನಾದ ಜನಜೀವನವನ್ನು ಸಾವಿರಾರು ಛಾಯಾಚಿತ್ರಗಳಲ್ಲಿ ದಾಖಲಿಸಿದ ಸಮಾಜಶಾಸ್ತ್ರಜ್ಞ. ಇನ್ನೊಬ್ಬ ಮಗ ಕ್ಲಾರೆನ್ಸ್ ಕುಟುಂಬ ಯೋಜನೆಯ ಪ್ರಚಾರಕ, ಆದರೆ ಉತ್ತರ ಕೆರೊಲಿನಾದ ಸಂತಾನಹರಣ ಕಾರ್ಯಕ್ರಮಕ್ಕೆ ಆತ ಕೊಟ್ಟ ಬೆಂಬಲವನ್ನು ಮರೆಯುವಂತಿಲ್ಲ. ಡೇವಿಡ್ 1923ರಲ್ಲಿ, ಮೇರಿ 1929ರಲ್ಲಿ ತೀರಿಕೊಂಡ ಮೇಲೂ ಮೇರಿಯ ಸಹೋದರಿ ಜೂಲಿಯಾ 1943ರವರೆಗೆ ಇಲ್ಲಿಯೇ ಬದುಕಿದರು.

ಅನಂತರ ಬಂದ ಹಿರಿಯ ಮಗ ಸೆಸಿಲ್ ಮತ್ತು ಅವರ ಪತ್ನಿ ಲೂಯಿಸ್ ಮನೆಯನ್ನು ಮಾರಲು ಯೋಚಿಸಿದ್ದುಂಟು. ಆದರೆ ಕೊಳ್ಳಲು ಬಂದವರು ಒಳಗಿನ ಮರಕ್ಕೆಲ್ಲ ಬಿಳಿ ಬಣ್ಣ ಬಳಿಯುವ ಮಾತಾಡಿದ್ದು ಕಿವಿಗೆ ಬಿದ್ದೊಡನೆ ಆ ಯೋಚನೆಯನ್ನೇ ಕೈಬಿಟ್ಟರು. ಆ ಒಂದು ನಿರಾಕರಣೆಯಿಂದಲೇ ಮನೆ ಉಳಿಯಿತೆನ್ನಬಹುದು. ಕುಟುಂಬವು 1966ರಲ್ಲಿ ಅದನ್ನು, ಗ್ರೀನ್ ಸಹೋದರರೇ ರೂಪಿಸಿದ ಪೀಠೋಪಕರಣಗಳ ಸಮೇತ, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದೊಡನೆ ಮಾಡಿಕೊಂಡ ಒಪ್ಪಂದದಂತೆ ಪ್ಯಾಸಡೀನಾ ನಗರಕ್ಕೆ ದಾನವಿತ್ತಿತು. ಬಳಿಕ ಆ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿದ್ಯಾರ್ಥಿಗಳಿಬ್ಬರು ವರ್ಷವಿಡೀ ಅಲ್ಲಿ ವಾಸವಿದ್ದು ಕಲಿಯುವ ಪದ್ಧತಿಯೂ ಬೆಳೆದುಬಂದಿತು.