ಮನೆಯೇ ಕಚೇರಿಯಾದಾಗ ಯಾವ ತಂತ್ರಾಂಶ?

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಆರಂಭವಾದಾಗ ಗಡಿನಾಡಿನವರಿಗೆ ಅದರ ಬಿಸಿ ಎರಡು ಪಟ್ಟು ತಟ್ಟಿತು. ತಲಪಾಡಿಯಲ್ಲಿ ಗಡಿ ಮುಚ್ಚಿತು. ಮಂಜೇಶ್ವರ, ಉಪ್ಪಳ, ಕುಂಬಳೆಗಳಿಂದ ದಿನವೂ ಮಂಗಳೂರಿಗೆ ದುಡಿಯಲು ಹೋಗುತ್ತಿದ್ದವರು ಮನೆಯಲ್ಲೇ ಉಳಿಯಬೇಕಾಯಿತು. ಅಂಗಡಿ, ಆಸ್ಪತ್ರೆಯ ಕೆಲಸವನ್ನು ಮನೆಯಿಂದ ಮಾಡಲಾಗದು. ಲೆಕ್ಕಪತ್ರ ಬರೆಯುವವರು, ಪಾಠ ಹೇಳುವವರು, ಕಂಪ್ಯೂಟರಿನಲ್ಲಿ ದುಡಿಯುವವರಿಗೆ ಮಾತ್ರ ಸಂಬಳ ಉಳಿಸಿಕೊಳ್ಳಲು ಒಂದು ದಾರಿಯಿತ್ತು. ಅದು ವಿಡಿಯೋ ಸಭೆ.

ದೊಡ್ಡ ಕಂಪೆನಿಯ ನೌಕರರಿಗೆ ಆಯ್ಕೆಯ ಪ್ರಶ್ನೆಯೇ ಬರಲಿಲ್ಲ. ಕಚೇರಿ ಹೇಳಿದ್ದನ್ನು ಹಾಕಿಕೊಳ್ಳಬೇಕು, ಅಷ್ಟೆ. ಆದರೆ ನಾಲ್ಕು ಜನರ ಸಣ್ಣ ಕಚೇರಿ ನಡೆಸುವವರು, ಟ್ಯೂಷನ್ ಕೊಡುವ ಟೀಚರು, ವಾಳೆಯ ಗುರಿಕಾರರು ತಾವೇ ಆರಿಸಬೇಕಾಯಿತು.

ಹೆಚ್ಚಿನವರು ಝೂಮ್ ಹಿಡಿದರು. 2019ರ ಡಿಸೆಂಬರಿನಲ್ಲಿ ದಿನಕ್ಕೆ ಸುಮಾರು ಒಂದು ಕೋಟಿಯಿದ್ದ ಅದರ ಸಭಿಕರ ಸಂಖ್ಯೆ 2020ರ ಮಾರ್ಚ್‌ನಲ್ಲಿ 20 ಕೋಟಿ ದಾಟಿತೆಂದು ಕಂಪೆನಿಯೇ ಹೇಳಿತು. ಕಾರಣ ಸರಳ: ಸಭೆಗೆ ಬರುವವರು ಖಾತೆ ತೆರೆಯಬೇಕಾಗಿರಲಿಲ್ಲ, ಕೊಂಡಿ ಒತ್ತಿದರೆ ಸಾಕು. ಆ ಸುಲಭದಿಂದಲೇ ಕಷ್ಟವೂ ಬಂತು. ಗುರುತಿಲ್ಲದವರು ಸಭೆಗಳಿಗೆ ನುಗ್ಗಿ ಹೊಲಸು ಚಿತ್ರ ತೋರಿಸಿದರು. ಏಪ್ರಿಲ್‌ನಲ್ಲಿ ಕಂಪೆನಿ ಪಾಸ್‌ವರ್ಡ್ ಮತ್ತು 'ಕಾಯುವ ಕೋಣೆ'ಯನ್ನು ತಾನಾಗಿಯೇ ಜಾರಿಗೆ ತಂದಿತು. ಅದೇ ತಿಂಗಳ 16ರಂದು ನಮ್ಮ ಗೃಹ ಸಚಿವಾಲಯ, ಝೂಮ್ ಸುರಕ್ಷಿತವಲ್ಲ, ಸರಕಾರಿ ಕೆಲಸಕ್ಕೆ ಬೇಡ ಎಂದಿತು. ಝೂಮ್ ನಿಷೇಧವಾಯಿತೆಂದು ಹಲವರು ಹೆದರಿದರು. ಹಾಗೇನಿರಲಿಲ್ಲ, ಖಾಸಗಿಯಾಗಿ ಬಳಸುವವರು ವಹಿಸಬೇಕಾದ ಎಚ್ಚರಿಕೆಯೂ ಅದೇ ಸೂಚನೆಯಲ್ಲಿತ್ತು.

ನನ್ನ ಲೆಕ್ಕಾಚಾರ ಬೇರೆ. ಯಾವುದರಲ್ಲಿ ಎಷ್ಟು ಸೌಲಭ್ಯವಿದೆ ಎಂದು ನೋಡುವ ಮೊದಲು, ಸಭೆಗೆ ಬರುವವರಲ್ಲಿ ಅತಿ ಹಳೆಯ ಮೊಬೈಲು ಯಾರದು, ಅತಿ ಕಡಿಮೆ ನೆಟ್‌ವರ್ಕ್ ಯಾರ ಮನೆಯಲ್ಲಿದೆ ಎಂದು ಕೇಳಬೇಕು. ಅವರಿಗೆ ಒಗ್ಗುವುದು ಎಲ್ಲರಿಗೂ ಒಗ್ಗುತ್ತದೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ಜಿಮೇಲ್ ಹೇಗೂ ಇರುವುದರಿಂದ, 2020ರ ಮೇ ತಿಂಗಳಿನಿಂದ ಎಲ್ಲರಿಗೂ ಉಚಿತವಾದ ಗೂಗಲ್ ಮೀಟ್ ಹಲವರಿಗೆ ಹಗುರವಾಯಿತು. ಎಂಟು ಜನರೊಳಗಿನ ಮಾತಿಗೆ ವಾಟ್ಸ್‌ಆಪ್ ಸಾಕಾಗುತ್ತಿತ್ತು. ಆದರೆ ದುಬಾಯಿ, ಅಬುಧಾಬಿಯಲ್ಲಿರುವ ಮಕ್ಕಳಿಗೆ ವಾಟ್ಸ್‌ಆಪ್ ಕರೆ ಹೋಗುತ್ತಿರಲಿಲ್ಲ. ಮನೆಯಿಂದ ಕೆಲಸ ಮತ್ತು ಪಾಠಕ್ಕಾಗಿ ಅಲ್ಲಿನ ಸರಕಾರ ಝೂಮ್, ಟೀಮ್ಸ್‌ಗಳನ್ನು ಬಿಟ್ಟುಕೊಟ್ಟಾಗ ಅನೇಕ ತಾಯಂದಿರು ಮಕ್ಕಳ ಮುಖ ಕಂಡರು.

ಝೂಮ್‌ನ ಉಚಿತ ಗುಂಪು ಸಭೆ 40 ನಿಮಿಷಕ್ಕೆ ಮುಗಿಯುತ್ತದೆ. ಆ ಹೊತ್ತಿನಲ್ಲಿ ಐದು ರಹಸ್ಯಗಳ ಜಪಮಾಲೆ ಆರಾಮವಾಗಿ ಮುಗಿದೀತು, ಪಾಲನಾ ಮಂಡಳಿಯ ಸಭೆ ಖಂಡಿತ ಮುಗಿಯದು! ಜಪಮಾಲೆಗೆ ಇನ್ನೊಂದು ತೊಡಕಿತ್ತು. ಧ್ವನಿ ಒಬ್ಬೊಬ್ಬರಿಗೆ ಒಂದೊಂದು ಕ್ಷಣ ತಡವಾಗಿ ತಲುಪುವುದರಿಂದ ಎಲ್ಲರೂ ಒಟ್ಟಿಗೆ 'ನಮೋ ಮರಿಯಾ' ಎಂದರೆ ಬರಿಯ ಗದ್ದಲ. ಒಂದು ಮನೆಯವರು ಮಾತ್ರ ಮೈಕ್ ತೆರೆದು, ಉಳಿದವರು ಮುಚ್ಚಿ ಉತ್ತರಿಸಿದರೆ ಸರಿಹೋಗುತ್ತದೆ. ಕಚೇರಿ ಸಭೆಗೂ ಇದೇ ಮದ್ದು.

ಡೇಟಾದ ಖರ್ಚನ್ನೂ ನೋಡಬೇಕು. ಗುಂಪಿನ ವಿಡಿಯೋ ಸಭೆಗೆ ಗಂಟೆಗೆ ಒಂದು ಜಿಬಿಯ ಆಸುಪಾಸು ಬೇಕಾಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜ್ ಹಾಕಿದ ಮನೆಯಲ್ಲಿ ಅಪ್ಪನ ಒಂದು ಸಭೆ ಮುಗಿದರೆ ಮಗಳ ತರಗತಿಗೆ ಎಷ್ಟು ಉಳಿದೀತು? ಕೆಮರಾ ಮುಚ್ಚಿ ಧ್ವನಿ ಮಾತ್ರ ಇಟ್ಟರೆ ಖರ್ಚು ಬಹಳ ಇಳಿಯುತ್ತದೆ. ಇದನ್ನು ಮೇಲಧಿಕಾರಿಗೆ ಹೇಳಲು ನಾಚಿಕೆ ಬೇಡ.

ಇಂದಿಗೂ ವಾರದಲ್ಲಿ ಕೆಲವು ದಿನ ಮನೆಯಿಂದ ದುಡಿಯುವವರಿದ್ದಾರೆ. ಸ್ಕೈಪನ್ನೇ ನೆಚ್ಚಿಕೊಂಡವರಿಗೆ 2025ರ ಮೇ 5ರಂದು ಅದು ನಿಂತುಹೋಯಿತು. ಮೈಕ್ರೋಸಾಫ್ಟ್ ಅವರನ್ನು ಟೀಮ್ಸ್‌ನತ್ತ ಕಳುಹಿಸಿತು. ಆದುದರಿಂದ ಮುಖ್ಯ ಫೋನ್ ನಂಬರುಗಳು ಒಂದು ಪುಸ್ತಕದಲ್ಲಿಯೂ ಇರಲಿ. ಎರಡೇ ಕೋಣೆಯ ಮನೆಯಾದರೆ ಗೋಡೆಗೆ ಬೆನ್ನು ಮಾಡಿ ಕುಳಿತುಕೊಳ್ಳಿ; ಹಿಂದೆ ಓಡಾಡುವ ಹೆಂಡತಿ, ಅತ್ತೆ ಕಚೇರಿಯವರಿಗೆ ಕಾಣಬೇಕಾಗಿಲ್ಲ. ಪರದೆ ಹಂಚುವಾಗ ಬೇಕಾದ ಕಡತವನ್ನು ಮಾತ್ರ ಹಂಚಿ, ಇಲ್ಲವಾದರೆ ಮನೆಯ ಸಂದೇಶಗಳೂ ಹತ್ತು ಜನರ ಮುಂದೆ ತೆರೆದುಕೊಳ್ಳುತ್ತವೆ. ಸಭೆ ರೆಕಾರ್ಡ್ ಆಗುತ್ತಿದೆಯೇ, ಅದು ಯಾರ ಬಳಿ ಉಳಿಯುತ್ತದೆ ಎಂದು ಆರಂಭದಲ್ಲೇ ಕೇಳಿಕೊಳ್ಳಿ.