ಮರವಿಲ್ಲದ ನೆಲವೆಲ್ಲ ಹಾಳಲ್ಲ

ಜೂನ್ 5ರ ಪರಿಸರ ದಿನ ಹತ್ತಿರ ಬಂತೆಂದರೆ ಊರಾಚೆಯ ಬಯಲು ಎಲ್ಲರ ಕಣ್ಣಿಗೂ ಬೀಳುತ್ತದೆ. ‘ಸುಮ್ಮನೆ ಖಾಲಿ ಬಿದ್ದಿದೆ, ನಾಲ್ಕು ಸಸಿಯಾದರೂ ನೆಡೋಣ’ ಎನ್ನುತ್ತಾರೆ. ಉದ್ದೇಶ ಒಳ್ಳೆಯದೇ, ಲೆಕ್ಕ ಮಾತ್ರ ತಪ್ಪು.

ನಂಬಿಕೆ: ಹುಲ್ಲುಗಾವಲು ಎಂದರೆ ಕಾಡು ಕಡಿದ ಮೇಲೆ ಉಳಿದ ಜಾಗ

ಒಂದು ನೆಲದಲ್ಲಿ ಏನು ಬೆಳೆದು ನಿಲ್ಲಬೇಕೆಂಬುದನ್ನು ಮಳೆ, ತಾಪಮಾನ, ಮಣ್ಣು, ಬೆಂಕಿ, ಮೇಯುವ ಪ್ರಾಣಿಗಳು ಎಲ್ಲ ಸೇರಿ ತೀರ್ಮಾನಿಸುತ್ತವೆ. ಹೀಗೆ ರೂಪುಗೊಂಡ ವಿಶಾಲ ಜೀವವಲಯಗಳೇ ಬಯೋಮ್‌ಗಳು: ಮಳೆಕಾಡು, ಮರುಭೂಮಿ, ಟಂಡ್ರಾ, ಸವನ್ನಾ ಮುಂತಾದವು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ, ಚಳ್ಳಕೆರೆ ಸೀಮೆಯಲ್ಲಿ ಸುಮಾರು 500. ಎರಡೂ ಕಡೆ ಒಂದೇ ಬಗೆಯ ಹಸಿರು ಬೇಕೆಂದರೆ ಹೇಗೆ?

ಹಾಗೆಂದು ಮಳೆಯೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಕುದುರೆಮುಖದಲ್ಲಿ ಮಳೆಗೇನೂ ಬರವಿಲ್ಲ. ಆದರೂ ಕಣಿವೆಗಳಲ್ಲಿ ಶೋಲಾ ಕಾಡು, ಗುಡ್ಡದ ನೆತ್ತಿಯಲ್ಲಿ ಹುಲ್ಲು. ಇಂಥದೇ ನೋಟವಿರುವ ನೀಲಗಿರಿ ಬೆಟ್ಟಗಳ ಜೌಗು ಮಣ್ಣಿನ ಪದರಗಳಲ್ಲಿ 20,000 ವರ್ಷ ಹಿಂದಿನ ಹುಲ್ಲಿನ ಕುರುಹು ಸಿಕ್ಕಿದೆ. ಕೊಡಲಿ ಹಿಡಿದು ಕಾಡು ಬೋಳಿಸುವ ಜನ ಅಲ್ಲಿಗೆ ಬರುವುದಕ್ಕೆ ಬಹಳ ಮೊದಲಿನ ಮಾತಿದು.

ಬಯಲಿನಲ್ಲಿ ನಡೆದಾಗ ಪಂಚೆಗೆ ಚುಚ್ಚಿಕೊಂಡು ಕಾಡುವ ಹುಲ್ಲಿನ ಬೀಜವೊಂದಿದೆ. ಅದನ್ನು ಕಿತ್ತೆಸೆಯುವ ಮುನ್ನ ಅಂಗೈ ಮೇಲಿಟ್ಟು ನೋಡಿ: ಈಟಿಯಂಥ ಚೂಪು ತುದಿ, ಹಿಂದೆ ಹುರಿಗೊಂಡ ಉದ್ದ ಬಾಲ. ಎರಡು ಹನಿ ನೀರು ಬಿದ್ದರೆ ಆ ಬಾಲ ತಿರುಗತೊಡಗುತ್ತದೆ. ಹೀಗೆ ನೆನೆದು, ಒಣಗಿ, ಹೊರಳುತ್ತ ಬೀಜ ತನ್ನನ್ನು ತಾನೇ ಮಣ್ಣಿಗೆ ಬಿತ್ತಿಕೊಳ್ಳುತ್ತದೆ. ಕಾಡು ಹಾಳಾದ ಮೇಲೆ ಜಾಗ ತುಂಬಲು ಬಂದ ಗಿಡಕ್ಕೆ ಇಷ್ಟೆಲ್ಲ ತಯಾರಿ ಇರುತ್ತದೆಯೇ?

ನಂಬಿಕೆ: ಬಯಲು ಪಾಳು ಭೂಮಿ, ಮರ ನೆಟ್ಟರೆ ಉದ್ಧಾರ

ಕಂದಾಯ ಹುಟ್ಟದ ನೆಲವನ್ನು ಪಾಳು ಎಂದು ಬರೆದಿಟ್ಟದ್ದು ಬ್ರಿಟಿಷರ ಕಾಲದ ಕಡತ. ಮೈಸೂರಿನ ಅರಸರಿಗೆ ಬಯಲಿನ ಬೆಲೆ ಗೊತ್ತಿತ್ತು. ಬೆಣ್ಣೆ ಚಾವಡಿ ಎಂಬ ಅರಮನೆಯ ಗೋಶಾಲೆಯ ದನಗಳಿಗೆ ಅವರು ಕಾವಲು ಎಂಬ ಹುಲ್ಲುಗಾವಲುಗಳನ್ನೇ ಮೀಸಲಿಟ್ಟರು. ಟಿಪ್ಪು ಕಾಲದಲ್ಲಿ ಅದಕ್ಕೆ ಅಮೃತಮಹಲ್ ಎಂಬ ಹೆಸರಾಯಿತು. ಚಿಕ್ಕಮಗಳೂರು ಜಿಲ್ಲೆಯ ಬಾಸೂರು ಕಾವಲಿನಲ್ಲಿ ಇಂದಿಗೂ ಕೃಷ್ಣಮೃಗಗಳಿವೆ.

ರಾಣೆಬೆನ್ನೂರಿನ ಕಥೆ ಬೇರೆ. ಕೃಷ್ಣಮೃಗಗಳ ಹೆಸರಿನಲ್ಲಿ 1974ರಲ್ಲಿ ಅಭಯಾರಣ್ಯವಾದ ಈ 119 ಚದರ ಕಿಲೋಮೀಟರಿನ ಬಹುಭಾಗವನ್ನು ನೀಲಗಿರಿ ಮರಗಳ ನೆಡುತೋಪು ಆವರಿಸಿತು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು. ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಎಂಬ ಹಕ್ಕಿ ಹೊಂದಿಕೊಳ್ಳಲಿಲ್ಲ. ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಟ್ಟು, ದೂರದಿಂದಲೇ ಅಪಾಯ ಕಂಡು ಜಾಗ ಬದಲಿಸುವ ಹಕ್ಕಿಗೆ ತೆರೆದ ಬಯಲೇ ಮನೆ. ಅಲ್ಲಿಂದ ಅದು ಮರೆಯಾಯಿತು. ಇಡೀ ದೇಶದಲ್ಲಿ ಈಗ ಉಳಿದಿರುವುದು ಇನ್ನೂರಕ್ಕಿಂತ ಕಡಿಮೆ. ಹಸಿರೀಕರಣ ಎಂಬ ಪದ ಕೇಳಿದಾಗಲೆಲ್ಲ ನನಗೆ ಈ ಹಕ್ಕಿಯದೇ ಚಿಂತೆ. ಇನ್ನು ಬಳ್ಳಾರಿ ಜಾಲಿ: ಹೆಸರಷ್ಟೇ ನಮ್ಮದು, ಮೂಲ ಅಮೆರಿಕ ಖಂಡದ್ದು. ಒಮ್ಮೆ ಬೇರೂರಿದರೆ ಹುಲ್ಲಿಗೆ ಅದು ಜಾಗ ಬಿಡುವುದಿಲ್ಲ.

ನಂಬಿಕೆ: ಬೆಂಕಿ, ಮೇಯಿಸುವಿಕೆ ಎರಡೂ ಹುಲ್ಲಿಗೆ ಶತ್ರು

ಅತಿಯಾದರೆ ನಿಜ. ಆದರೆ ಹುಲ್ಲು ಚಿಗುರುವುದು ಬುಡದಿಂದ. ಮೇಲಿನ ಎಲೆ ಹೋದರೂ ಜೀವ ಹೋಗುವುದಿಲ್ಲ. ಅದು ಕೂಡಿಡುವ ಇಂಗಾಲವೂ ಹೆಚ್ಚಾಗಿ ನೆಲದೊಳಗೇ ಇರುವುದರಿಂದ ಬೆಂಕಿಗೆ ಸುಲಭವಾಗಿ ಸಿಗದು.

ನಂಬಿಕೆ: ಮರುಭೂಮಿ ಎಂದರೆ ಸುಡುವ ಮರಳು

ಮರುಭೂಮಿಯನ್ನು ಗುರುತಿಸುವುದು ಬಿಸಿಲಿನಿಂದಲ್ಲ, ಮಳೆ ಹಿಮಗಳ ಕೊರತೆಯಿಂದ. ಜಗತ್ತಿನ ಅತಿ ದೊಡ್ಡ ಮರುಭೂಮಿ ಸಹಾರಾ ಅಲ್ಲ, ಅಂಟಾರ್ಕ್ಟಿಕಾ.

ನಂಬಿಕೆ: ಅಮೆಜಾನ್ ಭೂಮಿಯ ಶ್ವಾಸಕೋಶ, ಅದರ ಮಣ್ಣು ಚಿನ್ನ

ಅಮೆಜಾನ್ ಕಾಡು ತಾನು ತಯಾರಿಸುವ ಆಮ್ಲಜನಕವನ್ನು ಹೆಚ್ಚುಕಡಿಮೆ ತಾನೇ ಬಳಸಿಬಿಡುತ್ತದೆ. ಅದನ್ನು ಉಳಿಸಿಕೊಳ್ಳಬೇಕಾದ ಕಾರಣಗಳು ಬೇರೆ, ಮಳೆ ಮತ್ತು ಜೀವವೈವಿಧ್ಯ ಅವುಗಳಲ್ಲಿ ಮುಖ್ಯ. ಮಣ್ಣಂತೂ ಬಹುತೇಕ ಬಡ. ಪೋಷಕಾಂಶಗಳೆಲ್ಲ ಮರಗಿಡಗಳಲ್ಲೇ ಸುತ್ತುತ್ತಿರುತ್ತವೆ, ಮಳೆ ಒಂದಿಷ್ಟನ್ನು ಕೊಚ್ಚಿಕೊಂಡು ಹೋಗುತ್ತದೆ. ಹೀಗೆ ಕಳೆದುಹೋಗುವ ರಂಜಕಕ್ಕೆ ಹೆಚ್ಚುಕಡಿಮೆ ಸರಿಹೋಗುವಷ್ಟು, ವರ್ಷಕ್ಕೆ ಸುಮಾರು 22,000 ಟನ್ ರಂಜಕ, ಅಟ್ಲಾಂಟಿಕ್ ದಾಟಿ ಬರುವ ಧೂಳಿನಲ್ಲಿ ಅಲ್ಲಿಗೆ ತಲುಪುತ್ತದೆ ಎಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ಆ ಧೂಳು ಏಳುವುದು ಗಿಡಮರ ವಿರಳವಾದ ಸಹಾರಾದಿಂದ.