ಭೀಮೆಯ ದಡಕ್ಕೆ ನೆರವು ತಲುಪುವ ದಾರಿ: ಕರಾವಳಿಯ ನಾವು ತಿಳಿದಿರಬೇಕಾದ ಸಂಗತಿಗಳು



ಉತ್ತರ ಕರ್ನಾಟಕದಲ್ಲಿ ನೆರೆ ಬಂದ ಸುದ್ದಿ ಪ್ರಕಟವಾದಾಗಲೆಲ್ಲ ನಮ್ಮಲ್ಲಿ ಏಳುವ ಪ್ರಶ್ನೆ ಒಂದೇ: "ನಾವು ಕೊಟ್ಟದ್ದು ಅಲ್ಲಿಗೆ ನಿಜವಾಗಿಯೂ ತಲುಪುತ್ತದೆಯೇ?" ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಬೇಕಿದ್ದರೆ ನೆರವಿನ ಸಂಸ್ಥೆಗಳು ಹೇಗೆ ಕೆಲಸ ಮಾಡುತ್ತವೆ, ಹಣ ಯಾವ ದಾರಿಯಲ್ಲಿ ಬರುತ್ತದೆ, ಸರಕಾರ ಎಷ್ಟು ಕೊಡುತ್ತದೆ, ಉಳಿದದ್ದನ್ನು ಯಾರು ತುಂಬಬೇಕು ಎಂಬುದನ್ನೆಲ್ಲ ತಿಳಿಯಬೇಕಾಗುತ್ತದೆ. ಕಲಬುರಗಿ ಜಿಲ್ಲೆಯ ಇಜೇರಿಯಂಥ ಒಂದು ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ. ಕೊನೆಯಲ್ಲಿ, ಅಂತರರಾಷ್ಟ್ರೀಯ ನೆರವಿನ ಸಂಸ್ಥೆಗಳು ಪ್ರತಿ ವರ್ಷ ಆಚರಿಸುವ ಮುಖ್ಯ ದಿನಗಳ ಪಟ್ಟಿಯನ್ನೂ ಕೊಟ್ಟಿದ್ದೇವೆ.

ಇಜೇರಿ ನಮಗೆ ದೂರದ ಊರೇ?

ನಕ್ಷೆಯಲ್ಲಿ ದೂರ, ನಿಜ. ಆದರೆ ಮಂಗಳೂರು, ಉಡುಪಿ, ಮಣಿಪಾಲದ ಕೂಡುರಸ್ತೆಗಳಲ್ಲಿ ಬೆಳಗ್ಗೆ ಏಳು ಗಂಟೆಗೆ ಗುದ್ದಲಿ, ಬುತ್ತಿ ಹಿಡಿದು ಕೂಲಿಗಾಗಿ ಕಾಯುವವರನ್ನು ನಾವು ದಿನಾ ನೋಡುತ್ತೇವೆ. ಅವರಲ್ಲಿ ಅನೇಕರು ಕಲಬುರಗಿ, ವಿಜಯಪುರ, ಬಾಗಲಕೋಟೆ, ಕೊಪ್ಪಳ ಜಿಲ್ಲೆಗಳವರು. ನಮ್ಮ ಮನೆಗಳ ಪಂಚಾಂಗ ತೋಡಿದವರು, ಕಾಂಕ್ರೀಟ್ ಹೊತ್ತವರು ಅವರೇ. ಊರಲ್ಲಿ ಬೆಳೆ ಕೈಕೊಟ್ಟ ವರ್ಷ ಕುಟುಂಬ ಸಮೇತ ಕೆಲಸ ಹುಡುಕಿ ಹೊರಡುವುದಕ್ಕೆ ಆ ಕಡೆ 'ಗುಳೆ ಹೋಗುವುದು' ಎನ್ನುತ್ತಾರೆ. ಭೀಮೆಯಲ್ಲಿ ಅಕ್ಟೋಬರ್‌ನಲ್ಲಿ ನೆರೆ ಬಂದರೆ ಡಿಸೆಂಬರ್‌ನಲ್ಲಿ ನಮ್ಮ ಕೂಡುರಸ್ತೆಯಲ್ಲಿ ಜನ ಹೆಚ್ಚುವುದು ಈ ಕಾರಣಕ್ಕೆ.

ಜೇವರ್ಗಿ, ಆಳಂದ, ಅಫಜಲಪುರ ಮೂರೂ ಹಿಂದೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ತಾಲ್ಲೂಕುಗಳು. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿ 2002ರಲ್ಲಿ ವರದಿ ಕೊಟ್ಟ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 39 ತಾಲ್ಲೂಕುಗಳನ್ನು 'ಅತ್ಯಂತ ಹಿಂದುಳಿದ' ಪಟ್ಟಿಗೆ ಸೇರಿಸಿತು. ಈ ಮೂರೂ ಅದರಲ್ಲಿವೆ. ಆ ಬಳಿಕ ಸಂವಿಧಾನದ 371(ಜೆ) ವಿಧಿಯ ಮೂಲಕ ಈ ಭಾಗಕ್ಕೆ ವಿಶೇಷ ಸ್ಥಾನ ದೊರಕಿತು. 2019ರಲ್ಲಿ 'ಹೈದರಾಬಾದ್ ಕರ್ನಾಟಕ' ಎಂಬ ಹೆಸರು 'ಕಲ್ಯಾಣ ಕರ್ನಾಟಕ' ಎಂದಾಯಿತು. ಹೆಸರು ಬದಲಾದಷ್ಟು ಬೇಗ ಬದುಕು ಬದಲಾಗಲಿಲ್ಲ.

ನೆರೆ ಬರುವುದು ಹೇಗೆ?

ಭೀಮಾ ನದಿ ಹುಟ್ಟುವುದು ಮಹಾರಾಷ್ಟ್ರದ ಭೀಮಾಶಂಕರದಲ್ಲಿ. ಸುಮಾರು 861 ಕಿಲೋಮೀಟರ್ ಹರಿದು ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುತ್ತದೆ. ದಾರಿಯಲ್ಲಿ ಸೊಲ್ಲಾಪುರ ಜಿಲ್ಲೆಯಲ್ಲಿ ಉಜನಿ ಎಂಬ ದೊಡ್ಡ ಅಣೆಕಟ್ಟು ಇದೆ. ಅದರ ಸಾಮರ್ಥ್ಯ ಸುಮಾರು 117 ಟಿಎಂಸಿ. ಜುಲೈ, ಆಗಸ್ಟ್ ತಿಂಗಳ ಸಹ್ಯಾದ್ರಿಯ ಮಳೆಗೆ ಅದು ತುಂಬುತ್ತದೆ. ಹಾಗೆ ತುಂಬಿದ ಮೇಲೆ ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್‌ನಲ್ಲೋ ಮತ್ತೊಂದು ದೊಡ್ಡ ಮಳೆ ಬಂದರೆ ನೀರು ಹಿಡಿದಿಡಲು ಅಲ್ಲಿ ಜಾಗವಿರುವುದಿಲ್ಲ. ಬಾಗಿಲು ತೆರೆಯಲೇಬೇಕಾಗುತ್ತದೆ. ಆ ನೀರು ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜ್ ದಾಟಿ, ಗಾಣಗಾಪುರವನ್ನು ಹಾದು, ಜೇವರ್ಗಿಯತ್ತ ಬರುತ್ತದೆ. ಕಲಬುರಗಿಯಿಂದ ಜೇವರ್ಗಿಗೆ ಹೋಗುವ ಹೆದ್ದಾರಿಯ ಕಟ್ಟಿಸಂಗಾವಿ ಸೇತುವೆಯ ಸುದ್ದಿ ನೆರೆಯ ದಿನಗಳಲ್ಲಿ ಪತ್ರಿಕೆಗಳಲ್ಲಿ ಬರುವುದು ಆಗಲೇ.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಹಾಮಳೆಯಲ್ಲಿ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ತೀರಿಕೊಂಡರು. 2020ರ ಅಕ್ಟೋಬರ್ 13ರ ಸುಮಾರಿಗೆ ಬಂಗಾಳ ಕೊಲ್ಲಿಯಿಂದ ಬಂದ ವಾಯುಭಾರ ಕುಸಿತ ಹೈದರಾಬಾದ್ ನಗರವನ್ನು ಮುಳುಗಿಸಿ ಈ ಕಡೆಗೂ ಸುರಿಯಿತು. ಅದೇ ವಾರ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿತು. 2025ರ ಸೆಪ್ಟೆಂಬರ್ ಕೊನೆಗೆ ಮತ್ತೊಮ್ಮೆ ಹಾಗೆಯೇ ಆಯಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಈ ಜಿಲ್ಲೆ ತೊಗರಿಯ ಕಣಜ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ಕೊಯ್ಲಿಗೆ ಬರುವುದು ಡಿಸೆಂಬರ್-ಜನವರಿಗೆ. ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಅಂದರೆ ಅಕ್ಟೋಬರ್‌ನ ಒಂದೇ ನೆರೆ ಹೊಲದಲ್ಲಿ ನಿಂತ ತೊಗರಿಯನ್ನೂ, ಆಗತಾನೆ ಬಿತ್ತಿದ ಜೋಳವನ್ನೂ ಒಟ್ಟಿಗೆ ಕಸಿದುಕೊಳ್ಳುತ್ತದೆ. ಒಂದು ಹಣದ ಬೆಳೆ, ಇನ್ನೊಂದು ವರ್ಷದ ರೊಟ್ಟಿ. ನದಿಯಿಂದ ದೂರವಿರುವ ಹೊಲಗಳೂ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ. ಎರೆಮಣ್ಣಿನಲ್ಲಿ ಮಳೆ ನೀರು ದಿನಗಟ್ಟಲೆ ನಿಂತರೆ ತೊಗರಿಯ ಬೇರು ಕೊಳೆಯುತ್ತದೆ. ಅಂಥ ಊರಿನಲ್ಲಿ ಮನೆ ಬಿದ್ದಿರುವುದಿಲ್ಲ, ದೋಣಿ ಓಡಾಡುವುದಿಲ್ಲ. ಆದ್ದರಿಂದ ಟಿ.ವಿ. ಕ್ಯಾಮೆರಾ ಅಲ್ಲಿಗೆ ಹೋಗುವುದಿಲ್ಲ, ನೆರವಿನ ಲಾರಿಯೂ ಹೋಗುವುದಿಲ್ಲ.

ಸರಕಾರ ಏನು ಕೊಡುತ್ತದೆ?

ಮೊದಲ ಹೊಣೆ ಸರಕಾರದ್ದೇ. ಜಿಲ್ಲಾಡಳಿತ ಕಾಳಜಿ ಕೇಂದ್ರಗಳನ್ನು ತೆರೆಯುತ್ತದೆ. ಹಿಂದೆ ಇವನ್ನು ಗಂಜಿ ಕೇಂದ್ರ ಎನ್ನುತ್ತಿದ್ದರು. ನೀರು ಇಳಿದ ಮೇಲೆ ಕಂದಾಯ ಮತ್ತು ಕೃಷಿ ಇಲಾಖೆಯವರು ಜಂಟಿ ಸಮೀಕ್ಷೆ ಮಾಡುತ್ತಾರೆ. 2022ರಿಂದ 2026ರ ಅವಧಿಗೆ ಕೇಂದ್ರ ನಿಗದಿಪಡಿಸಿದ ವಿಪತ್ತು ಪರಿಹಾರ ನಿಯಮದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000 ರೂಪಾಯಿ. ಅದೂ ಗರಿಷ್ಠ 2 ಹೆಕ್ಟೇರಿಗೆ. 2025ರ ನೆರೆಯ ನಂತರ ರಾಜ್ಯ ಸರಕಾರ ಇದರ ಮೇಲೆ ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿಯಾಗಿ ಕೊಡುವುದಾಗಿ ಘೋಷಿಸಿತು. ಒಂದು ಹೆಕ್ಟೇರ್ ಎಂದರೆ ಎರಡೂವರೆ ಎಕರೆ. ಬೀಜ, ಗೊಬ್ಬರ, ಔಷಧಿ, ಆಳಿನ ಖರ್ಚು ಲೆಕ್ಕ ಹಾಕುವ ರೈತನಿಗೆ ಇದು ಸಾಲದು ಎಂಬುದು ಬೇರೆ ಹೇಳಬೇಕಿಲ್ಲ. ಇನ್ನೂ ಒಂದು ಮಾತು: ಈ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ. ಬೇರೆಯವರ ಹೊಲವನ್ನು ಪಾಲಿಗೆ ಮಾಡುವವನಿಗೆ, ಬರೀ ಕೂಲಿಯಿಂದ ಬದುಕುವವನಿಗೆ ಬೆಳೆ ಪರಿಹಾರವೆಂಬುದೇ ಇಲ್ಲ. ಸ್ವಯಂಸೇವಾ ಸಂಸ್ಥೆಗಳ ಕೆಲಸ ಶುರುವಾಗಬೇಕಾದದ್ದು ಇಲ್ಲಿ.

ನೆರವಿನ ಸಂಸ್ಥೆಗಳು ಎಲ್ಲಿಂದ ಬಂದವು?

ನಮ್ಮ ಹಿರಿಯರಲ್ಲಿ ಅನೇಕರಿಗೆ ಶಾಲೆಯ 'ಕೇರ್ ಉಪ್ಪಿಟ್ಟು' ಮತ್ತು ಹಾಲಿನ ಪುಡಿ ನೆನಪಿರಬಹುದು. ಅಮೆರಿಕದ ಪಿ.ಎಲ್. 480 ಎಂಬ 1954ರ ಕಾನೂನಿನಡಿ ಬಂದ ಧಾನ್ಯದ ಕಥೆ ಅದು. ಕೇರ್ ಸಂಸ್ಥೆ ಹುಟ್ಟಿದ್ದು 1945ರಲ್ಲಿ. ಅಮೆರಿಕದ ಕಥೋಲಿಕ ಬಿಷಪರು 1943ರಲ್ಲಿ ಯುದ್ಧ ಸಂತ್ರಸ್ತರಿಗಾಗಿ ಆರಂಭಿಸಿದ ಸಂಸ್ಥೆ ಮುಂದೆ ಕ್ಯಾಥೋಲಿಕ್ ರಿಲೀಫ್ ಸರ್ವಿಸಸ್ ಎಂದಾಯಿತು. ಜರ್ಮನಿಯ ಬಿಷಪರ ಮಿಸೆರಿಯೋರ್ 1958ರಲ್ಲಿ ಆರಂಭವಾಯಿತು. ಭಾರತದ ಬಿಷಪರ ಕಾರಿತಾಸ್ ಇಂಡಿಯಾ 1962ರದ್ದು. ಜಗತ್ತಿನ 160ಕ್ಕೂ ಹೆಚ್ಚು ಸಂಸ್ಥೆಗಳ ಕಾರಿತಾಸ್ ಒಕ್ಕೂಟದಲ್ಲಿ ಅದೂ ಒಂದು. ಧರ್ಮಪ್ರಾಂತ್ಯಗಳ ಮಟ್ಟದಲ್ಲಿ ಇಂಥ ಕೆಲಸ ಮಾಡುವ ಸಂಸ್ಥೆಗಳಲ್ಲಿ ಮಂಗಳೂರಿನ ಸಿಒಡಿಪಿ ನಮಗೆಲ್ಲ ಪರಿಚಿತ. ಬೀದರ್ ಕಡೆ ಆರ್ಬಿಟ್ ಇದೆ. ಗುಲ್ಬರ್ಗ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 2005ರಲ್ಲಿ. ಅದರ ಪ್ರಥಮ ಬಿಷಪರು ಅತಿ ವಂದನೀಯ ರಾಬರ್ಟ್ ಮೈಕಲ್ ಮಿರಾಂದಾ.

ಈ ಸಂಸ್ಥೆಗಳು ತಮಗೆ ತೋಚಿದಂತೆ ನಡೆಯುವುದಿಲ್ಲ. 1994ರಲ್ಲಿ ರೆಡ್ ಕ್ರಾಸ್ ಮತ್ತು ಇತರ ಸಂಸ್ಥೆಗಳು ಒಂದು ನೀತಿ ಸಂಹಿತೆ ಮಾಡಿಕೊಂಡವು. ನೆರವು ಕೊಡುವಾಗ ಜಾತಿ, ಧರ್ಮ, ಪಕ್ಷ ನೋಡಕೂಡದು. ಮತಪ್ರಚಾರಕ್ಕೆ ನೆರವನ್ನು ಬಳಸಕೂಡದು ಎಂಬುದು ಅದರ ಮುಖ್ಯ ಮಾತು. 1997ರಲ್ಲಿ ಆರಂಭವಾದ ಸ್ಫಿಯರ್ ಯೋಜನೆ ಅಳತೆಗಳನ್ನೂ ಕೊಟ್ಟಿತು: ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಮಲಗಲು ಕನಿಷ್ಠ ಮೂರೂವರೆ ಚದರ ಮೀಟರ್ ಸೂರಿನಡಿಯ ಜಾಗ, 20 ಜನರಿಗೆ ಒಂದು ಶೌಚಾಲಯ. ನಮ್ಮ ಯಾವುದೇ ಯುವಕ ಮಂಡಳಿ ನೆರೆ ಕೇಂದ್ರಕ್ಕೆ ಹೋದರೆ ಈ ಮೂರು ಅಂಕಿಗಳನ್ನು ಹಿಡಿದು ನೋಡಲಿ. ಏನು ಕೊರತೆಯಿದೆ ಎಂಬುದು ತಾನಾಗಿ ತಿಳಿಯುತ್ತದೆ.

ವಿದೇಶದ ಹಣ: ಈಗಿನ ಪರಿಸ್ಥಿತಿ

ಗಲ್ಫ್, ಯುರೋಪ್, ಅಮೆರಿಕದಲ್ಲಿರುವ ನಮ್ಮ ಓದುಗರಿಗೆ ಈ ಭಾಗ ಮುಖ್ಯ. 2004ರ ಸುನಾಮಿಯ ನಂತರ ಭಾರತ ಸರಕಾರ ವಿಪತ್ತಿನ ಹೊತ್ತಿಗೆ ವಿದೇಶಿ ಸರಕಾರಗಳ ನೆರವನ್ನು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಖಾಸಗಿ ಸಂಸ್ಥೆಗಳ ಹಣ ಬರಬಹುದು, ಆದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಾಯಿತ ಸಂಸ್ಥೆಗಳಿಗೆ ಮಾತ್ರ. 2020ರ ಸೆಪ್ಟೆಂಬರ್‌ನಲ್ಲಿ, ಅಂದರೆ ಆ ವರ್ಷದ ಭೀಮೆಯ ನೆರೆಗೆ ಕೆಲವೇ ದಿನ ಮೊದಲು, ಈ ಕಾಯ್ದೆಗೆ ಮೂರು ದೊಡ್ಡ ತಿದ್ದುಪಡಿಗಳಾದವು. ಒಂದು, ವಿದೇಶಿ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಎರಡು, ಆಡಳಿತ ವೆಚ್ಚದ ಮಿತಿ ಶೇಕಡಾ 50ರಿಂದ 20ಕ್ಕೆ ಇಳಿಯಿತು. ಮೂರು, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಈ ತಿದ್ದುಪಡಿಗಳನ್ನು ಎತ್ತಿಹಿಡಿಯಿತು.

ಮೂರನೆಯ ನಿಯಮದ ಪರಿಣಾಮ ಇಜೇರಿಯಂಥ ಊರಿನ ಮೇಲೆ ಹೆಚ್ಚು. ಮೊದಲು ದೆಹಲಿಯ ದೊಡ್ಡ ಸಂಸ್ಥೆ ಹಣ ತಂದು ತಾಲ್ಲೂಕಿನ ಚಿಕ್ಕ ಸಂಸ್ಥೆಗೆ ಕೊಡುತ್ತಿತ್ತು. ಯಾವ ಓಣಿಯ ವಿಧವೆಗೆ ಪಡಿತರ ಚೀಟಿಯಿಲ್ಲ ಎಂಬುದು ಗೊತ್ತಿದ್ದದ್ದು ಆ ಚಿಕ್ಕ ಸಂಸ್ಥೆಗೆ. ಈಗ ದೊಡ್ಡವರು ತಾವೇ ಸಿಬ್ಬಂದಿ ಕಳುಹಿಸಿ ಕೆಲಸ ಮಾಡಿಸಬೇಕು, ಇಲ್ಲವೇ ಚಿಕ್ಕವರು ತಮ್ಮದೇ ನೋಂದಣಿ ಪಡೆಯಬೇಕು.

ಇದರ ಮೇಲೆ 2025ರ ಹೊಡೆತ ಬಂತು. 1961ರಿಂದ ನಡೆದುಕೊಂಡು ಬಂದಿದ್ದ ಅಮೆರಿಕದ ಯುಎಸ್‌ಏಡ್ ಸಂಸ್ಥೆಯ ಹಣವನ್ನು ಜನವರಿಯಲ್ಲಿ ತಡೆಹಿಡಿದರು. 2025ರ ಜುಲೈ 1ರಿಂದ ಅದರ ಕಾರ್ಯಕ್ರಮಗಳು ಅಧಿಕೃತವಾಗಿ ನಿಂತವು. 2024ರಲ್ಲಿ ವಿಶ್ವಸಂಸ್ಥೆಯ ಲೆಕ್ಕಕ್ಕೆ ಸಿಕ್ಕ ಮಾನವೀಯ ನೆರವಿನಲ್ಲಿ ಸುಮಾರು ಶೇಕಡಾ 40ರಷ್ಟು ಅಮೆರಿಕದ್ದೇ ಆಗಿತ್ತು. ಕ್ಯಾಥೋಲಿಕ್ ರಿಲೀಫ್ ಸರ್ವಿಸಸ್‌ನ ಆದಾಯದ ಅರ್ಧದಷ್ಟು ಅಲ್ಲಿಂದಲೇ ಬರುತ್ತಿತ್ತು. ಹೊರಗಿನ ದೊಡ್ಡ ಸಂಸ್ಥೆಗಳು ಎಲ್ಲವನ್ನೂ ನೋಡಿಕೊಳ್ಳುತ್ತವೆ ಎಂದು ನಾವು ಸುಮ್ಮನಿರುವ ಕಾಲ ಮುಗಿಯಿತು.

ನಾವು ಏನು ಮಾಡಬಹುದು?

ಮೊದಲನೆಯದಾಗಿ, ಹಳೆಯ ಬಟ್ಟೆ ಕಳುಹಿಸಬೇಡಿ. 2004ರ ಸುನಾಮಿಯ ನಂತರ ತಮಿಳುನಾಡಿನಲ್ಲಿ ಯಾರೂ ಮುಟ್ಟದ ಹಳೆಯ ಬಟ್ಟೆಯ ರಾಶಿಗಳನ್ನು ವಿಲೇವಾರಿ ಮಾಡುವುದೇ ಒಂದು ದೊಡ್ಡ ಕೆಲಸವಾಯಿತು. ಹಣ ಕೊಡಿ, ರಸೀದಿ ಕೇಳಿ, ಆರು ತಿಂಗಳ ನಂತರ ಲೆಕ್ಕವನ್ನೂ ಕೇಳಿ. ಲೆಕ್ಕ ಕೇಳುವುದು ಅವಮಾನವಲ್ಲ, ಒಳ್ಳೆಯ ಸಂಸ್ಥೆಗೆ ಅದು ಬಲ.

ಎರಡನೆಯದಾಗಿ, ಮೊದಲ ವಾರದಲ್ಲೇ ಎಲ್ಲವನ್ನೂ ಖರ್ಚು ಮಾಡಬೇಡಿ. ಮೊದಲ ವಾರ ಅಕ್ಕಿ, ಚಾಪೆ, ಬಿಸ್ಕತ್ತು ಎಲ್ಲರೂ ತರುತ್ತಾರೆ. ಅಕ್ಟೋಬರ್ ಕೊನೆಗೆ ನೀರು ಬಸಿದ ಹೊಲಕ್ಕೆ ಮರುಬಿತ್ತನೆಯ ಜೋಳ, ಕಡಲೆ ಬೀಜ ಬೇಕು. ಡಿಸೆಂಬರ್‌ನಲ್ಲಿ ತಂದೆತಾಯಿ ಗುಳೆ ಹೊರಟಾಗ ಮಕ್ಕಳು ಊರಲ್ಲೇ ಉಳಿದು ಓದಲು ಊಟ, ವಸತಿ ಬೇಕು. ಜೂನ್‌ನಲ್ಲಿ ತೊಗರಿ ಬೀಜ ಬೇಕು. ಈ ಮೂರು ಹೊತ್ತಿಗೆ ಕೇಳುವವರು ಯಾರೂ ಇರುವುದಿಲ್ಲ.

ಮೂರನೆಯದು ದುಡ್ಡಿಲ್ಲದವರೂ ಮಾಡಬಹುದಾದದ್ದು. ನಮ್ಮ ಊರಿಗೆ ದುಡಿಯಲು ಬಂದವರಿಗೆ ಸರಿಯಾದ ಕೂಲಿಯನ್ನು ಅಂದಂದೇ ಕೊಡುವುದು, ಅವರ ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸಲು ನೆರವಾಗುವುದು, ಕಾರ್ಮಿಕ ಕಾರ್ಡು ಮಾಡಿಸಿಕೊಡುವುದು. ಜೇವರ್ಗಿಗೆ ಹೋಗದೆಯೇ ಜೇವರ್ಗಿಗೆ ಮಾಡುವ ಸೇವೆ ಇದು.

ನೆನಪಿನಲ್ಲಿಡಬೇಕಾದ ದಿನಗಳು

ಆಗಸ್ಟ್ 19 – ವಿಶ್ವ ಮಾನವೀಯ ದಿನ. 2003ರ ಈ ದಿನ ಬಾಗ್ದಾದಿನಲ್ಲಿ ವಿಶ್ವಸಂಸ್ಥೆಯ ಕಚೇರಿಯ ಮೇಲೆ ನಡೆದ ಬಾಂಬ್ ದಾಳಿಯಲ್ಲಿ 22 ಜನ ತೀರಿಕೊಂಡರು. ಅವರ ನೆನಪಿಗೆ.

ಅಕ್ಟೋಬರ್ 13 – ಅಂತರರಾಷ್ಟ್ರೀಯ ವಿಪತ್ತು ಅಪಾಯ ತಗ್ಗಿಸುವ ದಿನ.

ಅಕ್ಟೋಬರ್ 16 – ವಿಶ್ವ ಆಹಾರ ದಿನ. ಆಹಾರ ಮತ್ತು ಕೃಷಿ ಸಂಸ್ಥೆ 1945ರ ಈ ದಿನ ಸ್ಥಾಪನೆಯಾಯಿತು.

ಅಕ್ಟೋಬರ್ 17 – ಬಡತನ ನಿರ್ಮೂಲನಾ ದಿನ. ಧರ್ಮಗುರು ವಂದನೀಯ ಜೋಸೆಫ್ ರೆಸಿನ್ಸ್ಕಿಯವರ ಕರೆಯಂತೆ 1987ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದದ್ದು. 1992ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡಿತು.

ನವೆಂಬರ್ – ಕ್ರಿಸ್ತರಾಜರ ಹಬ್ಬದ ಹಿಂದಿನ ಭಾನುವಾರ ಬಡವರ ವಿಶ್ವ ದಿನ. ದಿವಂಗತ ಪೋಪ್ ಫ್ರಾನ್ಸಿಸ್ ಅವರ ಕರೆಯಂತೆ 2017ರಿಂದ ಆಚರಣೆಯಲ್ಲಿದೆ.

ಡಿಸೆಂಬರ್ 5 – ಸ್ವಯಂಸೇವಕರ ದಿನ.

ಡಿಸೆಂಬರ್ 18 – ವಲಸಿಗರ ದಿನ.

ಈ ಪಟ್ಟಿಯನ್ನು ಭೀಮೆಯ ನೆರೆಯ ದಿನಗಳ ಪಕ್ಕದಲ್ಲಿಟ್ಟು ನೋಡಿ. ವಿಪತ್ತಿನ ದಿನ, ಅನ್ನದ ದಿನ, ಬಡತನದ ದಿನ ಮೂರೂ ಅಕ್ಟೋಬರ್‌ನ ಅದೇ ವಾರದಲ್ಲಿ ಬರುತ್ತವೆ. 2020ರಲ್ಲಿ ಜೇವರ್ಗಿ, ಅಫಜಲಪುರದ ಜನ ಮನೆ ಬಿಟ್ಟು ಹೊರಟದ್ದೂ ಆ ವಾರದಲ್ಲೇ. ಗುಳೆಯ ಕಾಲಕ್ಕೆ ವಲಸಿಗರ ದಿನ ಬರುತ್ತದೆ. ನಮ್ಮ ಸಂಘಗಳು ಈ ದಿನಗಳಂದು ಭಾಷಣ, ಮೆರವಣಿಗೆ ಏರ್ಪಡಿಸುವುದಿದ್ದರೆ, ಅದರ ಜೊತೆಗೆ ಬೀಜದ ನಿಧಿಗೊಂದು ಡಬ್ಬಿಯನ್ನೂ ಇಡಲಿ. ಡಿಸೆಂಬರ್ 18ರಂದು ಕೂಡುರಸ್ತೆಯಲ್ಲಿ ನಿಂತವರ ಹತ್ತಿರ ಹೋಗಿ, "ನಿಮ್ಮ ಊರು ಯಾವುದು, ಈ ವರ್ಷ ಬೆಳೆ ಹೇಗಾಯಿತು?" ಎಂದು ಕೇಳಲಿ. ನಾವು ಕೊಟ್ಟದ್ದು ತಲುಪಿತೋ ಇಲ್ಲವೋ ಎಂಬುದನ್ನು ನಮಗೆ ಅವರೇ ಹೇಳುತ್ತಾರೆ.